ಮಂದಿ ಮನಿ ಚಾ

ದಂಡೋತಿಯಲ್ಲಿ ಹಣಮಮ್ಮ ಅಂತ ಒಬ್ಬಾಕಿ. ಹೊಳೆಯ ದಂಡೆಯ ಮಂದಿ. ಮಾವ ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕಿದವನು, ಗಂಡ ಅಂಬರಾಯ ವಾಡಿಯ ಒಂದು ಫ್ಯಾಕ್ಟರಿಯ ಗೇಟು ಕಾಯುವವನು. ಮಗ ಅಂಬರೇಶನ ಲಗ್ನವಾಗಿ ಸೊಸೆ ರಾಧಿಕಾ ಹೊಸ್ತಿಲು ದಾಟಿದ್ದೇ ತಡ, ಹಣಮಮ್ಮನ ಕೈಯಿಂದ ಕಸಬರಿಗೆ ಹೋಯಿತು, ಕೊಡ ಹೋಯಿತು, ರೊಟ್ಟಿಯ ಹಂಚೂ ಹೋಯಿತು. “ನೀವು ಕುಂದ್ರಿ ಅತ್ತಿ” ಎನ್ನುವುದೊಂದೇ ಆ ಹುಡುಗಿಯ ಬಾಯಲ್ಲಿ. ಊರ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ಹಣಮಮ್ಮ ಕುಂತಳು. ಕುಂತು ಕುಂತು ಮೊಣಕಾಲು ಹಿಡಿದವು, ರಾತ್ರಿ ನಿದ್ದೆ ಬಾರದಾಯಿತು. ಕೊನೆಗೆ ಚಲೋ ಇದ್ದ ಎಡಗಣ್ಣಿನ ಮುಂದೂ ಹೊಗೆ ಕವಿದಂತಾಯಿತು. ಬಲಗಣ್ಣು ಸಣ್ಣಾಕಿ ಇದ್ದಾಗಿನಿಂದಲೇ ಮಬ್ಬು. ಬಾಗಿಲಲ್ಲಿ ನಿಂತ ಅಂಚೆಯವನನ್ನು ಬೀಗರೆಂದು ತಿಳಿದು ಒಳಗೆ ಕರೆದು, ಕಾಲಿಗೆ ನೀರು ಕೊಟ್ಟ ದಿನ ಅಂಬರಾಯ ಅವಳನ್ನು ಚಿತ್ತಾಪುರದ ದವಾಖಾನೆಗೆ ಕರೆದೊಯ್ದ.

ಡಾಕ್ಟರಮ್ಮ ಕಣ್ಣು ನೋಡಿದಳು, ರಕ್ತ ನೋಡಿಸಿದಳು.

“ಕಣ್ಣಾಗ ಪೊರಿ ಬಂದದ, ತೆಗೀಬೇಕು. ಆದ್ರ ಈಗ ಆಗಂಗಿಲ್ಲ. ನಿಮಗ ಶುಗರ್ ಅದ, ಭಾಳ ಅದ. ಅದು ಇಳಿಯೂ ತನಕ ಕಣ್ಣಿನ ಡಾಕ್ಟರು ಕೈ ಹಚ್ಚಂಗಿಲ್ಲ. ಗುಳಿಗಿ ತಗೋರಿ, ಸಕ್ಕರಿ ಬಿಡ್ರಿ, ದಿನಾ ನಡೀರಿ.”

“ಎಲ್ಲಿಗಿ ನಡೀಲ್ರಿ?”

“ಎಲ್ಲಿಗೂ ಅಲ್ಲ. ಸುಮ್ನ ನಡೀರಿ.”

ಸುಮ್ಮನೆ ನಡೆಯುವುದು! ಡಾಕ್ಟರಮ್ಮ ಊರ ಹೊರಗಿನವಳು, ಅವಳಿಗೇನು ಗೊತ್ತು. ದಂಡೋತಿಯಲ್ಲಿ ಗಂಡಸಾದರೆ ಎಲ್ಲಿ ಬೇಕಾದರೂ ನಿಲ್ಲಬಹುದು, ನಡೆಯಬಹುದು. ಹೆಂಗಸು ನಡೆದರೆ ಒಂದು ಕಡೆಗೆ ಹೋಗುತ್ತಿರಬೇಕು, ಕೈಯಲ್ಲಿ ಏನಾದರೂ ಇರಬೇಕು. ಹಣಮಮ್ಮ ಮರುದಿನ ಮುಂಜಾನೆ ಖಾಲಿ ಕೈಯಲ್ಲಿ ಹೊರಟಳು. ಹಿಂದಿನ ಮನೆಯ ದ್ರೌಪದಿ ಕಸ ಚೆಲ್ಲುತ್ತ ಕೇಳಿದಳು, “ಎಲ್ಲಿಗಿ ಹೊಂಟಿ ಯಕ್ಕಾ?” “ಸುಮ್ನ.” “ಸುಮ್ನ ಅಂದ್ರ?” ಹಣಮಮ್ಮ ಬಿರಬಿರನೆ ಮುಂದೆ ನಡೆದಳು. ಹೊತ್ತು ಮುಳುಗುವಷ್ಟರಲ್ಲಿ ಅತ್ತೆ ಸೊಸೆ ಜಗಳಾಡಿದರಂತೆ ಎಂಬ ಮಾತು ಓಣಿ ತುಂಬ. ಮರುದಿನ ಕೈಯಲ್ಲೊಂದು ಚರಿಗೆ ಹಿಡಿದು ಹೊರಟಳು. ಬಯಲಕಡೆಗೆ ಹೊರಟವಳೆಂದು ಎದುರಾದವರೆಲ್ಲ ಮರ್ಯಾದೆಯಿಂದ ಮುಖ ತಿರುಗಿಸಿದರು. ಎರಡು ಸುತ್ತು ಹಾಕಿ ಬಂದದ್ದನ್ನು ನೋಡಿದ ದ್ರೌಪದಿ, ರಾಧಿಕಾಳನ್ನು ಮೆಲ್ಲಗೆ ಕರೆದು, “ನಿಮ್ಮತ್ತಿಗಿ ಹೊಟ್ಟಿ ಸರಿ ಇಲ್ಲೇನ? ಮಜ್ಜಿಗಿ ಕುಡಸು” ಅಂದಳು.

ಮೂರನೆಯ ದಿನ ಊಟದ ಡಬ್ಬಿ ಹಿಡಿದಳು. ಖಾಲಿ ಡಬ್ಬಿ.

“ಯಾರಿಗದು?” ದ್ರೌಪದಿ ಬಿಡುವವಳಲ್ಲ.

“ಲಾಲಮ್ಮಗ. ಲಕ್ವಾ ಹೊಡದು ಬಿದ್ದಾಳಲ್ಲ. ಮಾತಾಡ್ಸಿ ಬರ್ತೀನಿ.”

ಬಾಯಿಗೆ ಬಂದ ಹೆಸರು ಅದು, ಅಷ್ಟೇ. ಲಾಲಮ್ಮನ ಮನೆ ಊರಿನ ಆ ತುದಿಗೆ, ನಡೆಯುವುದಕ್ಕೆ ಒಳ್ಳೆಯದಾಯಿತು. ಹಣಮಮ್ಮ ಡಬ್ಬಿ ತೂಗುತ್ತ ಲಾಲಮ್ಮನ ಬಾಗಿಲ ಮುಂದಿನಿಂದಲೇ ಹೋಗುವಳು, ತೊಗರಿ ಹೊಲದ ಬದುವಿನ ತನಕ ನಡೆಯುವಳು, ತಿರುಗಿ ಬರುವಳು. ತನಗೆ ಶುಗರ್ ಇದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಸೊಸೆ ಬಂದ ಮೇಲೆ ಕುಂತು ತಿಂದಳು, ಬ್ಯಾನಿ ತಂದುಕೊಂಡಳು ಎಂದು ನಗುವವರು ಓಣಿಯಲ್ಲಿ ಕಡಿಮೆ ಇರಲಿಲ್ಲ.

ಸುಳ್ಳು ಬಹಳ ದಿನ ನಡೆಯಲಿಲ್ಲ. ಒಂದು ಸಂಜೆ ದ್ರೌಪದಿ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತ ನಿಂತಳು. “ಲಾಲಮ್ಮ ಹೇಳಿ ಕಳಿಸ್ಯಾಳ. ನಿನ್ನ ಡಬ್ಬಿ ದಿನಾ ಆಕಿ ಮನಿ ಮುಂದಿಂದ ಹೋಗ್ತದಂತ, ದಿನಾ ಹಂಗೇ ಬರ್ತದಂತ. ಒಂದಿನ ಒಳಗ ಬರ್ಲಿ, ಅದರಾಗ ಏನದ ನೋಡ್ತೀನಿ ಅಂದ್ಲು.”

ನಾಚಿಕೆಯಿಂದ ಹಣಮಮ್ಮ ಮರುದಿನ ಡಬ್ಬಿಯ ತುಂಬ ಮೊಸರನ್ನ ಒಯ್ದಳು. ಲಾಲಮ್ಮನ ಮಕ್ಕಳು ಸೊಸೆಯಂದಿರು ಹೊತ್ತು ಏರುವ ಮೊದಲೇ ಹೊಲಕ್ಕೆ ಹೋಗುವವರು. ಅವಳು ಒಬ್ಬಳೇ ಫರ್ಸಿಗಲ್ಲಿನ ನೆಲದ ಮೇಲೆ ಗೋಡೆಗೆ ಒರಗಿ ಕುಂತಿದ್ದಳು, ಬಲಗೈ ತೊಡೆಯ ಮೇಲೆ ಸತ್ತ ಮೀನಿನಂತೆ ಬಿದ್ದಿತ್ತು. ನಕ್ಕಳು. ಅರ್ಧ ಬಾಯಿ ಮಾತ್ರ ನಕ್ಕಿತು.

“ಬಾ ಬೀಗತಿ. ಭಾಳ ದಿನ ಕಾಯ್ಸಿದಿ.”

“ತಪ್ಪಾತು ಯಕ್ಕಾ.”

“ತಪ್ಪು ಹಿಡಕೊಂಡು ನಾ ಏನ್ ಮಾಡ್ಲಿ. ಕುಂದ್ರು. ಈ ಕೈ ದಿನಾ ಆಡಸ್ಬೇಕಂತ ದವಾಖಾನ್ಯಾಗ ಹೇಳ್ಯಾರ. ಯಾರಿಗದ ಪುರಸತ್ತು?”

ಹಣಮಮ್ಮನಿಗೆ ಪುರಸತ್ತೇ ಪುರಸತ್ತು. ಮೊರದಲ್ಲಿ ತೊಗರಿ ಸುರುವಿ, ಲಾಲಮ್ಮನ ಮಣಿಕಟ್ಟು ಹಿಡಿದು, ಒಂದೊಂದೇ ಕಾಳು ಹೆಕ್ಕಿಸಿದಳು. ಕಾಳು ಬೆರಳಿನಿಂದ ಜಾರುವುದು, ಲಾಲಮ್ಮ ತನ್ನ ಕೈಗೆ ತಾನೇ ಬೈಯುವಳು, ಹಣಮಮ್ಮ ಮತ್ತೆ ಹಿಡಿಸುವಳು. ನಡುವೆ ಒಂದು ಹರಳನ್ನೂ ತೊಗರಿ ಎಂದು ಹಣಮಮ್ಮ ಈಚೆ ಇಟ್ಟದ್ದು ನೋಡಿ ಲಾಲಮ್ಮ, “ನಿನಗ ಕಣ್ಣಿಲ್ಲ, ನನಗ ಕೈ ಇಲ್ಲ. ಇಬ್ರೂ ಕೂಡಿದ್ರ ಅರ್ಧ ಆಳಿನ ಪಗಾರ ಕೊಡ್ತಾರ ನೋಡು” ಅಂದಳು. ಆ ದಿನ ಹಣಮಮ್ಮ ಮನೆಗೆ ಬಂದು ಎರಡು ರೊಟ್ಟಿ ಉಂಡು, ರಾತ್ರಿ ಮಲಗಿದವಳು ಕೋಳಿ ಕೂಗುವ ತನಕ ಮಗ್ಗುಲು ಬದಲಿಸಲಿಲ್ಲ.

ಹೀಗೆ ಶುರುವಾಯಿತು. ಲಾಲಮ್ಮನ ನೆರೆಯ ಶಿವರಾಯ, ತನ್ನ ತಾಯಿ ಪೀರಮ್ಮನನ್ನೂ ಒಂದಿಷ್ಟು ಬಿಸಿಲಿಗೆ ಕೂರಿಸಿ ತಲೆ ಬಾಚು ವೈನಿ ಎಂದ. ಅಲ್ಲಿಗೂ ಹೋದಳು. ನಡೆದಷ್ಟೂ ಮೊಣಕಾಲು ಸಡಿಲಾದವು. ಆ ಮನೆಯ ಸುದ್ದಿ ಈ ಮನೆಗೆ, ಈ ಮನೆಯ ಉಪ್ಪಿನಕಾಯಿ ಆ ಮನೆಗೆ. ಬರುಬರುತ್ತ ಮನೆಯಲ್ಲಿಯೂ ಮಾತು ಜಾಸ್ತಿಯಾಗಿ, ಅಂಬರಾಯ ಪಾಳಿ ಮುಗಿಸಿ ಬಂದು ಮಲಗುವ ಮುಂಚೆ ಒಂದು ಗಳಿಗೆ ಕುಂತು ಕೇಳುವಂತಾಯಿತು.

“ಸರಕಾರದ್ದು ಏನರ ಬರ್ತದೇನ ಇದಕ?” ಅಂದ ಒಂದು ದಿನ.

“ಇಲ್ರಿ.”

“ಮತ್ತೇನು ಬರ್ತದ?”

“ನಿದ್ದಿ ಬರ್ತದ್ರಿ.”

ಊರು ಇಷ್ಟಕ್ಕೆ ಒಪ್ಪಲಿಲ್ಲ. ಯಾರೂ ಪುಕ್ಕಟೆ ಮಂದಿಯ ಮನೆಯ ಮುದುಕಿಯರ ಹೇನು ತೆಗೆಯುವುದಿಲ್ಲ. ಹಣಮಮ್ಮ ಪಂಚಾಯತಿ ಎಲೆಕ್ಷನ್‌ಗೆ ನಿಲ್ಲುತ್ತಾಳೆಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ದ್ರೌಪದಿ ಅಂತೂ ಮುಂಗಡವಾಗಿಯೇ, “ಆರಿಸಿ ಬಂದ್ರ ನಮ್ಮ ಮನಿ ಮುಂದ ಒಂದು ನಳ ಹಾಕ್ಸು ಯಕ್ಕಾ” ಎಂದು ಕೇಳಿಟ್ಟಳು.

ಒಂದು ಮಧ್ಯಾಹ್ನ ಹಣಮಮ್ಮ ಬೌದ್ಧರಾದ ದಲಿತರ ಓಣಿಯನ್ನು ಬಳಸಿ ಮನೆಗೆ ಬರುತ್ತಿದ್ದಳು. ಒಂದು ಮನೆಯೊಳಗಿಂದ ಮುದುಕಿಯ ದನಿ, “ನೀರು ಕೊಡ್ರೇ ಯಾರರ.” ಇಷ್ಟು ವರ್ಷದಲ್ಲಿ ಆ ಓಣಿಯ ಯಾವ ಮನೆಯ ಹೊಸ್ತಿಲನ್ನೂ ಅವಳು ತುಳಿದಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಕೆಲಸ ಬಿದ್ದಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಕೆಲಸ ಬಿದ್ದಿತ್ತು. ಒಳಗೆ ಹೋದಳು. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಹೊರಸಿನ ಮೇಲೆ ಅನಸುಬಾಯಿ. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಮಲಗಿದ್ದಳು.

“ಯಾರವ್ವ ನೀ?”

“ಹೊಳಿದಂಡಿ ಅಂಬರಾಯನ ಹೇಣ್ತಿ, ಆಯಿ.”

“ದಾರಿ ತಪ್ಪಿ ಬಂದೀಯೇನು?”

“ನೀರು ಅಂದಿ, ಬಂದೆ.”

ನೀರು ಕುಡಿಸುವಾಗ ಮುದುಕಿಯ ಬೆನ್ನಿಗೆ ಕೈ ತಾಗಿತು. ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಬೆರಳಿಗೆ ತಿಳಿಯಿತು: ಚರ್ಮ ಬಿಸಿಯಾಗಿ ಉಬ್ಬಿತ್ತು. ಹೀಗೇ ಮಲಗಿದರೆ ಹುಣ್ಣಾಗುತ್ತದೆ. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಎಣ್ಣೆ ಹುಡುಕಿ ಹಚ್ಚಿ, ಬೆನ್ನಿಗೆ ಗಾಳಿ ಆಡುವಂತೆ ಮಾಡಿದಳು. ಅಷ್ಟರಲ್ಲಿ ಸೊಸೆ ಸುಂದರಮ್ಮ ಬಂದಳು. ಶಾಲೆಯಲ್ಲಿ ಬಿಸಿಯೂಟ ಮಾಡುವವಳು ಅವಳು, ಗಂಡ ದಶರಥ ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಹೊಳೆದಂಡೆಯ ಹೆಂಗಸು ತನ್ನ ಅತ್ತೆಯ ಹೊರಸಿನ ಮೇಲೆ ಕುಂತಿದ್ದನ್ನು ಕಂಡು ಬಾಗಿಲಲ್ಲೇ ನಿಂತಳು. ಒಳಗೆ ಹೋಗಿ ಚಾ ಕಾಸಿದಳು. ತಂದವಳು ಕಪ್ಪು ಕೈಗೆ ಕೊಡಲೋ, ಕೆಳಗಿಡಲೋ ಎಂದು ಒಂದು ಕ್ಷಣ ತಡೆದಳು.

ಹಣಮಮ್ಮನಿಗೆ ಆ ತಡೆದದ್ದು ಕಂಡಿತು. ಕೈ ಚಾಚಿ ಇಸಿದುಕೊಂಡಳು. ಚಾ ಎಂದರೆ ಪಾಕ. ಬಂದವರ ಮೇಲಿನ ಮರ್ಯಾದೆಯಷ್ಟು ಸಕ್ಕರೆ ಹಾಕುವುದು ಈ ಕಡೆಯ ರಿವಾಜು. ಒಂದೇ ಉಸುರಿಗೆ ಕುಡಿದು, ಯಾವ ಅನುಮಾನವೂ ಉಳಿಯಬಾರದೆಂದು, “ಇನ್ನೊಂದೀಟು ಅದೇನ?” ಎಂದು ಕೇಳಿಯೂಬಿಟ್ಟಳು. ಸುಂದರಮ್ಮನ ಮುಖ ಅರಳಿತು. ಅಂದಿನಿಂದ ಆ ಮನೆಯಲ್ಲಿ ಹಣಮಮ್ಮನಿಗೆ ಎರಡು ಕಪ್ಪು ಖಾಯಂ ಆಯಿತು.

ಡಾಕ್ಟರಮ್ಮ ಮತ್ತೆ ರಕ್ತ ನೋಡಿಸಿದ ದಿನ ಹಣಮಮ್ಮ ಗೆದ್ದವಳ ಹಾಗೆ ಕುಂತಿದ್ದಳು. ಕಾಲು ಹಗುರ, ನಿದ್ದೆ ಚಲೋ. ಶುಗರ್ ಮಾತ್ರ ಮೊದಲಿಗಿಂತ ಮೇಲೆ ಏರಿತ್ತು.

“ನಡೀಲಿಕತ್ತೀರೇನು ಖರೇನ?”

“ಊರೆಲ್ಲ ನಡೀತೀನ್ರಿ.”

“ಸಕ್ಕರಿ?”

“ಮನ್ಯಾಗ ಚಾಕ್ಕ ಒಂದು ಹರಳೂ ಹಾಕ್ಕೊಳ್ಳಂಗಿಲ್ರಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. “ಮತ್ತ ಮಂದಿ ಮನ್ಯಾಗ?”

ಹಣಮಮ್ಮ ಬೆರಳು ಮಡಿಚತೊಡಗಿದಳು. ಲಾಲಮ್ಮನ ಮನೆ, ಪೀರಮ್ಮನ ಮನೆ, ದಾರಿಯಲ್ಲಿ ಕರೆದರೆ ದ್ರೌಪದಿಯ ಮನೆ, ಸುಂದರಮ್ಮನ ಮನೆಯಲ್ಲಿ ಎರಡು… ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ಡಾಕ್ಟರಮ್ಮ, “ಸಾಕು” ಅಂದಳು. “ಸಕ್ಕರಿ ಯಾರ ಮನೀದಂತ ರಕ್ತ ಕೇಳಂಗಿಲ್ಲ, ಅಮ್ಮಾ. ಮುಂದಿನ ತಿಂಗಳು ಕಣ್ಣಿನ ಡಾಕ್ಟರು ಬರ್ತಾರ. ಅಷ್ಟರಾಗ ಇಳಸ್ರಿ. ಇಲ್ಲಂದ್ರ ಅವರು ಮತ್ತ ಬರೂದು ಬ್ಯಾಸಗಿಗಿ. ಆ ತನಕ ಈ ಕಣ್ಣಿನ ಭರೋಸ ನಾ ಕೊಡಂಗಿಲ್ಲ.”

ಬಸ್ಸಿನಲ್ಲಿ ಹಣಮಮ್ಮ ಎಡಗಣ್ಣು ಮುಚ್ಚಿ ನೋಡಿದಳು. ಕಿಟಕಿಯ ಆಚೆಗೆ ಹೊಲ, ರಸ್ತೆ, ಮನುಷ್ಯರು ಎಲ್ಲ ಕದಡಿದ ನೀರಾದವು. ಎಡಗಣ್ಣೂ ಹೋದರೆ ಉಳಿಯುವುದು ಇಷ್ಟೇ.

“ಊರ ಉಸಾಬರಿ ಸಾಕು, ಮನ್ಯಾಗ ಕುಂದ್ರು” ಅಂದ ಅಂಬರಾಯ. ಕುಂತಳು. ನಾಲ್ಕು ದಿನಕ್ಕೆ ಮೊಣಕಾಲು ಮತ್ತೆ ಹಿಡಿದವು, ನಿದ್ದೆ ಮತ್ತೆ ಓಡಿತು. ಐದನೆಯ ದಿನ ರಾಧಿಕಾಳೇ ಡಬ್ಬಿ ತುಂಬಿ ಮುಂದಿಟ್ಟಳು. “ಹೋಗಿ ಬರ್ರಿ ಅತ್ತಿ. ನೀವು ಕುಂತ್ರ ನನಗೂ ಮಾತಾಡ್ಲಿಕ್ಕೆ ಯಾವ ಸುದ್ದೀನೂ ಇಲ್ಲ. ಅಲ್ಲೆಲ್ಲ ಖರೆ ಹೇಳ್ರಿ, ಮುಗೀತು.”

ಲಾಲಮ್ಮನ ಮುಂದೆ ಹೇಳುವುದು ಸುಲಭವಾಯಿತು. “ಶುಗರ್ ಏನ? ನನಗೂ ಅದ, ಹುಚ್ಚಿ” ಎಂದು ಅವಳು ನಕ್ಕಳು. ಈಗ ಬಾಯಿಯ ಮುಕ್ಕಾಲು ಭಾಗ ನಗುತ್ತಿತ್ತು. ದ್ರೌಪದಿ ಕನಿಕರಪಟ್ಟು, ತನ್ನ ತವರಿನಲ್ಲಿ ಯಾರ್‍ಯಾರಿಗೆ ಶುಗರ್ ಇತ್ತು, ಯಾರ್‍ಯಾರ ಕಾಲು ಕತ್ತರಿಸಿದರು ಎಲ್ಲ ಹೇಳಿ ಮುಗಿಸಿದಳು. ಶಿವರಾಯನ ಮನೆಯಲ್ಲಿ ಚಾ ಬದಲು ಮಜ್ಜಿಗೆ ಬಂತು.

ಸುಂದರಮ್ಮನ ಮನೆಯ ಮುಂದೆ ಮಾತ್ರ ಹಣಮಮ್ಮನ ಕಾಲು ತಡೆದವು. ಬೇರೆ ಮನೆಯಲ್ಲಿ ಚಾ ಬೇಡ ಎಂದರೆ ಅದು ಚಾ ಬೇಡ ಎಂದಷ್ಟೇ. ಇಲ್ಲಿ ಹಾಗಲ್ಲ. ಅನಸುಬಾಯಿಯನ್ನು ಹೊರಳಿಸಿ, ಎಣ್ಣೆ ಹಚ್ಚಿ ಮುಗಿಸುವಷ್ಟರಲ್ಲಿ ಕಪ್ಪು ಬಂದೇಬಿಟ್ಟಿತು.

“ಬ್ಯಾಡ ತಂಗಿ. ನನಗ ಶುಗರ್ ಬಂದದ. ಕಣ್ಣು ಆಪರೇಷನ್ ಆಗ್ಬೇಕಾಗ್ಯಾದ. ಡಾಕ್ಟರಮ್ಮ ಚಾ ಬಿಡು ಅಂದಾಳ.”

ಸುಂದರಮ್ಮ ಕಪ್ಪು ಹಿಡಿದುಕೊಂಡೇ ನಿಂತಳು. ನಂತರ ಮಾತಾಡಿದಳು, ಸಿಟ್ಟಿಲ್ಲದೆ, ಪದ್ಧತಿಯೊಂದನ್ನು ಹೇಳುವ ಹಾಗೆ.

“ನಮ್ಮ ಮನಿಗಿ ಬಂದವರಿಗೆಲ್ಲ ಏನರ ಒಂದು ಇರ್ತದ ಯಕ್ಕಾ. ಒಬ್ಬರಿಗಿ ಪಿತ್ತ, ಒಬ್ಬರಿಗಿ ಉಪಾಸ, ಒಬ್ಬರು ಈಗೇ ಕುಡದು ಬಂದೀನಿ ಅಂತಾರ. ಮನಿಯವ್ರ ಕಚೇರಿ ಮಂದಿ ಒಂದ್ಸಲ ಬಂದಾಗ ತಮ್ಮ ನೀರಿನ ಬಾಟಲಿ ತಾವೇ ತಂದಿದ್ರು. ನೀ ಇಷ್ಟು ದಿನ ಎರಡೆರಡು ಕಪ್ಪು ಕುಡದಿ. ಈಗ ನಾಲ್ಕು ದಿನ ಬರ್ಲಿಲ್ಲ. ಬಂದಿ, ಶುಗರ್ ತಂದಿ. ನಿಮ್ಮ ಮಂದ್ಯಾಗ ಯಾರರ ಏನರ ಅಂದಿರ್ಬೇಕು. ಇರ್ಲಿ, ನನಗ ಬ್ಯಾಸರಿಲ್ಲ.”

ಹಣಮಮ್ಮನ ಕೈಯಲ್ಲಿ ಎಣ್ಣೆ ಹಾಗೆಯೇ ಇತ್ತು. ಗುಳಿಗೆಯ ಪಾಕೀಟು ತಂದು ತೋರಿಸಬಹುದಿತ್ತು, ಡಾಕ್ಟರಮ್ಮನ ಚೀಟಿ ತೋರಿಸಬಹುದಿತ್ತು. ಆದರೆ ಚೀಟಿ ತೋರಿಸಿ ನಂಬಿಸಬೇಕಾದ ಮೇಲೆ ಆ ನಂಬಿಕೆ ಯಾತಕ್ಕೆ. ಸಕ್ಕರೆ ಇಲ್ಲದ ಚಾ ಕೇಳಿದರೆ ಅದೂ ನೆಪವೆಂದೇ ಕಾಣುತ್ತಿತ್ತು. ಆ ಕಪ್ಪನ್ನು ಇಸಿದುಕೊಂಡು ಕುಡಿದುಬಿಡೋಣ ಅನಿಸಿತು. ಹಾಗೆ ಕುಡಿದರೆ ನಾಳೆಯೂ ಕುಡಿಯಬೇಕು, ನಾಡಿದ್ದೂ ಕುಡಿಯಬೇಕು, ಆಮೇಲೆ ಬೇಸಿಗೆ ಬರುತ್ತದೆ. ಹಣಮಮ್ಮ ಎದ್ದು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಫರ್ಸಿಯ ಮೇಲೆ ಚಕ್ಕಳ ಮಕ್ಕಳ ಹಾಕಿ ಕುಂತಳು.

“ಚಾ ಬ್ಯಾಡ ಸುಂದರವ್ವ. ಹೊಟ್ಟಿ ಹಸದದ. ರೊಟ್ಟಿ ಅದೇನು?”

ಚಾ ಬೇರೆ, ರೊಟ್ಟಿ ಬೇರೆ. ಚಾ ಯಾರ ಮನೆಯಲ್ಲಾದರೂ ಕುಡಿದು ಬರಬಹುದು, ಅದನ್ನು ಊರು ನೋಡಿಯೂ ನೋಡದಂತೆ ಇರುತ್ತದೆ. ಕುಂತು ಉಣ್ಣುವುದನ್ನು ಊರು ಹಾಗೆ ಬಿಡುವುದಿಲ್ಲ. ಅದು ಸುಂದರಮ್ಮನಿಗೂ ಗೊತ್ತು, ಹಣಮಮ್ಮನಿಗೂ ಗೊತ್ತು.

“ಉಣ್ತೀ?” ಅಂದಳು ಸುಂದರಮ್ಮ, ದನಿ ಸಣ್ಣದು ಮಾಡಿ.

“ಪಲ್ಯ ಏನದ?”

“ಪುಂಡಿಪಲ್ಯ.”

“ಹಾಕು ಮತ್ತ. ನಿಂತು ಏನ್ ನೋಡ್ತಿ.”

ಸುಂದರಮ್ಮ ಮುಂಬಾಗಿಲು ಮುಚ್ಚಲು ಹೋದಳು. “ಇರ್ಲಿ ಬಿಡು, ಗಾಳಿ ಬರ್ತದ” ಅಂದಳು ಹಣಮಮ್ಮ. ಹೊರಸಿನ ಮೇಲಿಂದ ಅನಸುಬಾಯಿ, “ಏ ಸುಂದರಿ, ಖಾರ ಇನ್ನೀಟು ಹಾಕಿ ಕೊಡು. ಹೊಳಿ ಮಂದಿ, ಮೀನ ತಿಂದ ನಾಲಿಗಿ. ಸಪ್ಪಂದು ಕೊಟ್ಟು ನಮ್ಮ ಇಜ್ಜತ್ ತಗೀಬ್ಯಾಡ” ಎಂದಳು. ಜೋಳದ ರೊಟ್ಟಿ ಬಿಸಿಯಿತ್ತು. ಹಣಮಮ್ಮ ಉಂಡಳು. ಉಣ್ಣುವಾಗ ಸುಂದರಮ್ಮ ಎದುರಿಗೆ ಕುಂತು, ಮೊದಮೊದಲು ಅವಳ ಕೈಯನ್ನು, ಆಮೇಲೆ ಅವಳ ಮುಖವನ್ನು ನೋಡಿದಳು. ಕೊನೆಗೆ ತಾನೂ ಒಂದು ತಟ್ಟೆ ತಂದುಕೊಂಡಳು. ಬಾಗಿಲ ಮುಂದೆ ದ್ರೌಪದಿ ಕೊಡ ಹೊತ್ತು ಹಾದುಹೋದಳು. ಹೋದವಳು ಎರಡು ಹೆಜ್ಜೆ ಹಿಂದೆ ಬಂದು ಮತ್ತೊಮ್ಮೆ ನೋಡಿ ಹೋದಳು.

ಹೊತ್ತು ಮುಳುಗುವ ಮೊದಲೇ ಸುದ್ದಿ ಮನೆಗೆ ತಲುಪಿತ್ತು.

“ಅಲ್ಲಿ ಉಂಡಿಯಂತಲ್ಲ?” ಅಂದ ಅಂಬರಾಯ.

“ಉಂಡೆ.”

ಅವನು ಬಹಳ ಹೊತ್ತು ಅಂಗಿಯ ಗುಂಡಿ ಹಾಕುತ್ತಿದ್ದ. ಪಾಳಿಗೆ ಹೊತ್ತಾಗುತ್ತಿತ್ತು. “ದಶರಥ ನನ್ನ ಕೂಡ ಸಾಲಿಗಿ ಬರ್ತಿದ್ದ” ಎಂದು ಹೇಳಿ ಹೊರಟುಹೋದ. ಅದು ಒಪ್ಪಿಗೆಯೋ ಅಲ್ಲವೋ ಹಣಮಮ್ಮನಿಗೆ ತಿಳಿಯಲಿಲ್ಲ.

ಮರುದಿನ ಶಿವರಾಯ ತನ್ನ ಬಾಗಿಲಲ್ಲೇ ನಿಂತಿದ್ದ. “ಅವ್ವಗ ಈಗ ಆರಾಮ ಅದ ವೈನಿ. ನಾಳಿಂದ ನೀವು ತ್ರಾಸ ತಗೋಬ್ಯಾಡ್ರಿ” ಎಂದ, ಬಹಳ ಮರ್ಯಾದೆಯಿಂದ. ಒಳಗಿನಿಂದ ಪೀರಮ್ಮ, “ಹಣಮವ್ವ ಬಂದಳೇನು? ಬಿಸಿಲು ಬಿದ್ದದೇನು?” ಎಂದು ಕೇಳುತ್ತಿದ್ದಳು. ಹಣಮಮ್ಮ ಆ ಬಾಗಿಲು ಬಿಟ್ಟು ಮುಂದೆ ನಡೆದಳು. ಆ ವಾರ ಕೆಲವರು ಅವಳನ್ನು ಮಾತಾಡಿಸಲಿಲ್ಲ. ಆಮೇಲೆ ಅವರಲ್ಲಿ ಕೆಲವರು ಮಾತಾಡಿಸಿದರು, ಕೆಲವರು ಇನ್ನೂ ಇಲ್ಲ. ಎಲೆಕ್ಷನ್ ಸುದ್ದಿ ಮಾತ್ರ ತಾನಾಗಿಯೇ ಸತ್ತಿತು. ಇನ್ನು ಇವಳಿಗೆ ಯಾರು ಓಟು ಹಾಕುತ್ತಾರೆ ಎಂದರಂತೆ ಕಟ್ಟೆಯ ಮೇಲೆ.

ತಿಂಗಳು ತುಂಬುವಷ್ಟರಲ್ಲಿ ಚಿತ್ತಾಪುರಕ್ಕೆ ಹೋದಳು. ಡಾಕ್ಟರಮ್ಮ ರಕ್ತದ ವರದಿಯನ್ನು ಎರಡು ಸಲ ನೋಡಿ, “ಇಳದದ. ಕಣ್ಣಿಗಿ ಕೈ ಹಚ್ಚಬಹುದು” ಎಂದು ತಾರೀಖು ಕೊಟ್ಟಳು. ಹಣಮಮ್ಮ ಬಸ್ಸಿಳಿದವಳು ಮನೆಗೆ ಹೋಗದೆ ಅನಸುಬಾಯಿಯ ಮನೆಗೇ ಬಂದಳು. ಮುದುಕಿಯನ್ನು ಮಗ್ಗುಲು ಬದಲಿಸುವ ಹೊತ್ತಾಗಿತ್ತು, ಸುಂದರಮ್ಮ ಇನ್ನೂ ಶಾಲೆಯಿಂದ ಬಂದಿರಲಿಲ್ಲ.

“ಆಯಿ, ಕಣ್ಣಿನ ಪೊರಿ ತೆಗೀತಾರಂತ. ಎಲ್ಲ ನಿಚ್ಚಳ ಕಾಣಸ್ತದಂತ.”

“ಅಯ್ಯೋ” ಅಂದಳು ಅನಸುಬಾಯಿ. “ಹಂಗಾರ ನೀ ಇನ್ನ ಬರಂಗಿಲ್ಲ ಬಿಡು.”

“ಯಾಕ ಆಯಿ?”

“ಇಷ್ಟು ದಿನ ನನ್ನ ಮಾರಿ ನಿನಗ ಸರಿ ಕಂಡಿಲ್ಲ, ಅದಕ್ಕ ಬಂದಿ. ಕಂಡ್ರ ಹೊಳಿ ಆಚಿ ಓಡ್ತಿ.”

ಹಣಮಮ್ಮ ನಕ್ಕು ನಕ್ಕು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಒಂದು ಕೈ ಮುದುಕಿಯ ಹೆಗಲಿಗೆ, ಇನ್ನೊಂದು ಕೈ ಸೊಂಟದ ಕೆಳಗೆ ಕೊಟ್ಟಳು.

“ಹೊಳ್ಳು, ಆಯಿ. ಮೆಲ್ಲಗ.”